ಮಗು ಹಟಮಾರಿಯಲ್ಲ, ತುಂಡು ಗಟ್ಟಿ

ಮಾನ್ಯ ಸಂಪಾದಕರೇ,

‘ನಮ್ಮ ಮಗು ಮೊಸರನ್ನ, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟುವುದಿಲ್ಲ’ ಎಂಬ ದೂರು ಕೊಡಗಿನ ಅಂಗನವಾಡಿಗಳಲ್ಲಿ, ಮಕ್ಕಳ ವೈದ್ಯರ ಮುಂದೆ ದಿನವೂ ಕೇಳಿಬರುವಂಥದ್ದು. ಪಂದಿಯೋ (ಹಂದಿ ಮಾಂಸ) ಕೋಳಿಯೋ ಬೇಯದ ಭಾನುವಾರವೇ ಇಲ್ಲದ ಮನೆಯಲ್ಲಿ ಮಗು ಮಾಂಸ ಉಗುಳಿದರೆ ಅಜ್ಜ-ಅಜ್ಜಿಯರಿಗೆ ಅದೊಂದು ಅವಮಾನ. ಗದರಿಕೆ, ಪುಸಲಾವಣೆ, ಮೊಬೈಲು ಎಲ್ಲ ಮುಗಿದ ಮೇಲೆ ಟಾನಿಕ್ ಬಾಟಲಿ ಬರುತ್ತದೆ. ಅದಕ್ಕೂ ಮೊದಲು ನೋಡಬೇಕಾದದ್ದು ಎರಡೇ: ಬಾಯಿಗೆ ಹೋದ ತುಂಡು ಎಂಥದ್ದು? ಊಟಕ್ಕೆ ಕೂರುವ ಹೊತ್ತಿಗೆ ಹೊಟ್ಟೆಯಲ್ಲಿ ಆಗಲೇ ಏನಿತ್ತು?

ಮೊದಲ ದವಡೆ ಹಲ್ಲುಗಳು ಬರುವುದು ವರ್ಷ ತುಂಬಿದ ಮೇಲೆ. ಎರಡನೆಯವು ಎರಡು ವರ್ಷದ ಆಸುಪಾಸು, ಕೆಲವರಿಗೆ ಎರಡೂವರೆಯೂ ದಾಟುತ್ತದೆ. ಅಲ್ಲಿಯವರೆಗೆ ನಾರು ಮಾಂಸವನ್ನು ಅರೆಯಲು ಬೇಕಾದದ್ದೇ ಆ ಬಾಯಲ್ಲಿಲ್ಲ. ರಸ ಚೀಪಿ ಉಳಿದದ್ದನ್ನು ಉಗುಳುವುದು ಮಗುವಿನ ಜಾಣತನವೇ ಸರಿ. ಪಂದಿ ಕರಿಯಲ್ಲಿ ಚರ್ಮ, ಕೊಬ್ಬು ಕೂಡಿದ ತುಂಡು ದೊಡ್ಡವರಿಗೆ ಇಷ್ಟ. ರಬ್ಬರಿನಂತೆ ಜಾರುವ ಆ ಚರ್ಮವೇ ಮಕ್ಕಳಿಗೆ ಓಕರಿಕೆ ತರಿಸುತ್ತದೆ. ನಾಟಿ ಕೋಳಿಯನ್ನು ಫಾರಂ ಕೋಳಿಯ ಲೆಕ್ಕದಲ್ಲಿ ವಿಶಲ್ ಎಣಿಸಿ ಇಳಿಸಿದರೆ ಅದೂ ಅಷ್ಟೇ.

ಹೆಚ್ಚಿನ ಮನೆಗಳಲ್ಲಿ ಮಾಂಸಕ್ಕೆ ಮೊದಲೇ ಖಾರದ ಪುಡಿ ಸವರಿ ಇಡುತ್ತಾರೆ. ಆಮೇಲೆ ತುಂಡನ್ನು ನೀರಲ್ಲಿ ತೊಳೆದು ಮಗುವಿಗೆ ಕೊಡುವುದರಿಂದ ಪ್ರಯೋಜನವಿಲ್ಲ, ಖಾರ ಒಳಗಿಳಿದಿರುತ್ತದೆ, ಹೋಗುವುದು ರುಚಿ ಮಾತ್ರ. ಕ್ರಮ ಬದಲಿಸಿ. ಉಪ್ಪು, ಅರಿಶಿನ, ಈರುಳ್ಳಿ, ಶುಂಠಿ-ಬೆಳ್ಳುಳ್ಳಿ ಇಷ್ಟರಲ್ಲೇ ಮಾಂಸ ಬೇಯಲಿ. ಬೆರಳಲ್ಲಿ ಒತ್ತಿದರೆ ನಾರು ತಾನಾಗಿ ಬಿಡಿಸಿಕೊಳ್ಳುವಷ್ಟು ಮೆತ್ತಗಾದಾಗ ಮಗುವಿನ ಪಾಲನ್ನು ಸ್ವಲ್ಪ ರಸದ ಸಮೇತ ಎತ್ತಿಡಿ. ಖಾರದ ಪುಡಿ, ಹುರಿದ ಮೆಣಸು-ಕೊತ್ತಂಬರಿ-ಜೀರಿಗೆಯ ಪುಡಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಎಲ್ಲ ಆಮೇಲೆ. ಮಗುವಿನ ಬಟ್ಟಲಿಗೆ ಎರಡು ಹನಿ ಕಾಚಂಪುಳಿ ಬಿದ್ದರೆ ತೊಂದರೆಯಿಲ್ಲ, ಹುಳಿ ಇಷ್ಟಪಡುವ ಮಕ್ಕಳು ಬಹಳ. ಆದರೆ ಹಂದಿ ಮಾಂಸ ಒಳಗೆ ಗುಲಾಬಿ ಬಣ್ಣ ಉಳಿಯದಂತೆ ಪೂರ್ತಿ ಬೆಂದಿರಲೇಬೇಕು. ಲಾಡಿಹುಳುವಿನ ವಿಷಯದಲ್ಲಿ ಉದಾಸೀನ ಸಲ್ಲದು.

ಎತ್ತಿಟ್ಟ ತುಂಡಿನ ಚರ್ಮ ತೆಗೆದು, ನಾರಿಗೆ ಅಡ್ಡಲಾಗಿ ಸಣ್ಣಗೆ ಕತ್ತರಿಸಿ, ಬಿಸಿಯಿದ್ದಾಗಲೇ ಎಳೆ ಬಿಡಿಸಿ, ರಸ ಎರಡು ಚಮಚ ಹಾಕಿ ಕಲೆಸಿ. ನಾರಿನ ಉದ್ದಕ್ಕೆ ಕತ್ತರಿಸಿದರೆ ಎಷ್ಟು ಸಣ್ಣದಾದರೂ ಹಗ್ಗವೇ. ಆರಿದರೆ ಕೊಬ್ಬು ಹೆಪ್ಪುಗಟ್ಟಿ ನಾಲಿಗೆಗೆ ಅಂಟುತ್ತದೆ. ಕೋಳಿಯಲ್ಲಿ ಎದೆಯ ಭಾಗ ಬೇಗ ಒಣಗುತ್ತದೆ. ಮೂಳೆಯಿಲ್ಲ ಎಂದು ಅದನ್ನೇ ಮಕ್ಕಳಿಗೆ ಬಡಿಸುವ ರೂಢಿ ಬಿಟ್ಟು ತೊಡೆಯ ಮಾಂಸ ಕೊಡಿ, ಮೂಳೆಯ ಚೂರು ಇಲ್ಲವೆಂದು ಬೆರಳಾಡಿಸಿ ನೋಡಿಕೊಂಡು.

ಎಳೆಯೂ ಬೇಡ ಎನ್ನುವ ಮಗುವಿಗೆ ಕೀಮಾ ಇದೆ. ಕಾಲು ಕೆ.ಜಿ. ಕೀಮಾಕ್ಕೆ ಅರ್ಧ ಟೀ ಚಮಚ ಉಪ್ಪು ಹಾಕಿ, ಬೇರೇನೂ ಸೇರಿಸದೆ, ಕೈಗೆ ಅಂಟುವವರೆಗೆ ಮೂರು-ನಾಲ್ಕು ನಿಮಿಷ ನಾದಿ. ಈ ಅಂಟೇ ಮುಂದೆ ಅದನ್ನು ಹಿಡಿದಿಡುವುದು. ಇದನ್ನು ಬಿಟ್ಟವರ ಮನೆಯಲ್ಲಿ ‘ಒಡೆದುಹೋಯಿತು’ ಎಂದು ಮೈದಾ ಸುರಿಯುತ್ತಾರೆ. ಆಮೇಲೆ ಬೇಯಿಸಿ ಆರಿಸಿದ ಒಂದು ಸಣ್ಣ ಆಲೂಗಡ್ಡೆ, ತುರಿದ ಕ್ಯಾರೆಟ್ ಎರಡು ಚಮಚ, ಸಣ್ಣಗೆ ಹೆಚ್ಚಿದ ಈರುಳ್ಳಿ. ಆಲೂಗಡ್ಡೆಯಲ್ಲಿ ನೀರಿರಬಾರದು. ತೆಳುವಾಗಿ ವಡೆಯಂತೆ ತಟ್ಟಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುವ ಪಾತ್ರೆಯಲ್ಲೇ 15 ನಿಮಿಷ ಹಬೆಯಲ್ಲಿಡಿ. ನಾಲ್ಕು ವರ್ಷದೊಳಗಿನವರಿಗೆ ಗುಂಡಗೆ ಉಂಡೆ ಕಟ್ಟುವುದು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎಷ್ಟು ತಿನ್ನಬೇಕು? ವಯಸ್ಸಿನ ವರ್ಷಕ್ಕೊಂದು ದೊಡ್ಡ ಚಮಚ ಎಂಬುದು ಬಡಿಸಲು ಸಾಕಾದ ಅಳತೆ. ಎರಡು ವರ್ಷದ ಮಗುವಿಗೆ ಎರಡು ಚಮಚ ಮಾಂಸ, ಎರಡು ಚಮಚ ತರಕಾರಿ. ಮೊದಲ ಹುಟ್ಟುಹಬ್ಬದ ನಂತರ ಬೆಳವಣಿಗೆಯ ವೇಗ ತಗ್ಗುತ್ತದೆ, ಹಸಿವೂ ಅದರ ಜೊತೆ ತಗ್ಗುತ್ತದೆ, ಅದು ಕಾಯಿಲೆಯಲ್ಲ. ಅಷ್ಟು ಕಡಿಮೆ ಮಾಂಸವೂ ವ್ಯರ್ಥವಲ್ಲ, ಅದೇ ಊಟದ ಬೇಳೆ-ಸೊಪ್ಪಿನಲ್ಲಿರುವ ಕಬ್ಬಿಣಾಂಶ ಹೆಚ್ಚು ಹೀರಿಕೊಳ್ಳಲು ಅದು ನೆರವಾಗುತ್ತದೆ. ಮಾಂಸ ತಿನ್ನದ ಮನೆಗಳಲ್ಲಿ ಆ ಕೆಲಸಕ್ಕೆ ಸೊಪ್ಪಿನ ಮೇಲೆ ನಿಂಬೆರಸ ಹಿಂಡಬೇಕು.

ತರಕಾರಿಯಲ್ಲಿ ಅಡ್ಡಿ ಕಹಿ ಮತ್ತು ವಾಸನೆ. ಮಕ್ಕಳ ನಾಲಿಗೆಗೆ ಕಹಿ ಜೋರಾಗಿಯೇ ತಾಗುತ್ತದೆ. ಎಲೆಕೋಸು ಹೆಚ್ಚು ಬೆಂದಷ್ಟೂ ಗಂಧಕದ ವಾಸನೆ ಏಳುತ್ತದೆ, ಆದ್ದರಿಂದ ಮುಚ್ಚಳ ತೆಗೆದು ಐದಾರು ನಿಮಿಷ ಬೇಯಿಸಿದರೆ ಸಾಕು. ತುಪ್ಪ, ಉಪ್ಪು, ತೆಂಗಿನತುರಿ ಕಹಿಯನ್ನು ಮರೆಸುತ್ತವೆ. ಸಿಹಿಗುಂಬಳ, ಗೆಣಸು, ಕ್ಯಾರೆಟ್ಟಿನಿಂದ ಶುರು ಮಾಡಿ. ಕೆಂಬು (ಕೆಸುವಿನ) ಸೊಪ್ಪು ಗಂಟಲು ಕೆರೆಸಿದರೆ ಮಗು ಮತ್ತೆಂದೂ ಸೊಪ್ಪಿನ ಕಡೆ ನೋಡದು. ಹುಳಿ ಹಾಕಿ ಚೆನ್ನಾಗಿ ಬೇಯಿಸಿ, ಮೊದಲು ನೀವು ತಿಂದು ನೋಡಿ. ಬೈಂಬಳೆಗೆ (ಎಳೆ ಬಿದಿರಿನ ಕಳಲೆ) ಆತುರ ಬೇಡ. ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಮುಚ್ಚಳವಿಲ್ಲದೆ ಕುದಿಸಿ ಆ ನೀರು ಚೆಲ್ಲದಿದ್ದರೆ ಅದರ ಸಯನೈಡ್ ಅಂಶ ಪೂರ್ತಿ ಹೋಗುವುದಿಲ್ಲ. ಕಾಡಿನ ಕುಮ್ಮು (ಅಣಬೆ) ಮಕ್ಕಳ ತಟ್ಟೆಗೆ ಬೇಡವೇ ಬೇಡ. ಕೊಡವರ ಕಕ್ಕಡ ತಿಂಗಳ 18ರಂದು ಮದ್ದು ತೊಪ್ಪು ಎಂಬ ಔಷಧಿ ಸೊಪ್ಪಿನ ನೇರಳೆ ಬಣ್ಣದ ರಸದಲ್ಲಿ ಮಾಡಿದ ಸಿಹಿಯನ್ನು, ಹಸಿರು ಕಂಡರೆ ಓಡುವ ಮಕ್ಕಳೂ ಕೇಳಿ ತಿನ್ನುವುದುಂಟು. ಬಣ್ಣ, ಸಿಹಿ, ಮನೆಮಂದಿಯೆಲ್ಲ ಒಟ್ಟಿಗೆ ತಿನ್ನುವ ಸಂಭ್ರಮ, ಮೂರೂ ಅಲ್ಲಿ ಕೂಡಿರುತ್ತವೆ.

ಹೊಸ ತರಕಾರಿ ಒಪ್ಪಿಗೆಯಾಗಲು ಎಂಟು-ಹತ್ತು ಸಲ, ಒಮ್ಮೊಮ್ಮೆ ಹದಿನೈದು ಸಲವೂ ತಟ್ಟೆಗೆ ಬರಬೇಕಾಗುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಒಂದೇ ಒಂದು ತುಂಡು, ಮಗುವಿಗೆ ಇಷ್ಟವಾದ ಅಕ್ಕಿ ಒಟ್ಟಿಯ (ರೊಟ್ಟಿಯ) ಪಕ್ಕ. ‘ತಿನ್ನು’ ಎನ್ನಬೇಡಿ, ‘ತಿಂದರೆ ಚಾಕಲೇಟ್’ ಅಂತೂ ಬೇಡ. ಆ ಮಾತಿಗೆ ಬೀನ್ಸು ಶಿಕ್ಷೆಯಾಗುತ್ತದೆ, ಚಾಕಲೇಟು ಬಹುಮಾನ. ಅರೆದು ಒಟ್ಟಿಯೊಳಗೆ ಬಚ್ಚಿಡುವುದರಿಂದ ಪೋಷಕಾಂಶ ಸಿಗುತ್ತದೆ, ತರಕಾರಿಯ ಪರಿಚಯವಾಗುವುದಿಲ್ಲ. 20-30 ನಿಮಿಷ ಕಳೆದ ಮೇಲೆ ಮಾತಿಲ್ಲದೆ ತಟ್ಟೆ ತೆಗೆಯಿರಿ.

ಇನ್ನು ಹೊಟ್ಟೆಯ ಲೆಕ್ಕ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರಿ ಹಾಲು ಬೇಡ. ಅದಕ್ಕಿಂತ ಹೆಚ್ಚಾದರೆ ಹಸಿವು ಸಾಯುತ್ತದೆ, ಕಬ್ಬಿಣಾಂಶ ಇಳಿಯುತ್ತದೆ, ರಕ್ತಹೀನತೆಯಿಂದ ಹಸಿವು ಇನ್ನಷ್ಟು ಸಾಯುತ್ತದೆ. ಮೂರು ಊಟ, ಎರಡು ತಿಂಡಿ, ನಡುವೆ ಎರಡೂವರೆ-ಮೂರು ಗಂಟೆ ನೀರು ಮಾತ್ರ. ನಮ್ಮ ಜಿಲ್ಲೆಯಲ್ಲಿ ಹೇಳಿದರೆ ಸಿಟ್ಟಾಗುವ ಮಾತೊಂದಿದೆ: ಸಣ್ಣ ಮಕ್ಕಳಿಗೆ ಲೋಟದ ತಳದಲ್ಲಿ ಬೆಲ್ಲದ ಕಾಫಿ ಬಿಟ್ಟುಕೊಡುವ ಪ್ರೀತಿ ನಿಲ್ಲಬೇಕು. ಕಾಫಿಯೂ ಚಹಾವೂ ಊಟದ ಕಬ್ಬಿಣಾಂಶಕ್ಕೆ ಅಡ್ಡಗಾಲು.

ತೂಕ ಇಳಿದರೆ, ಮಗು ಮಣ್ಣು, ಬಳಪ ತಿನ್ನುತ್ತಿದ್ದರೆ, ಪ್ರತಿ ತುತ್ತಿಗೂ ಕೆಮ್ಮಿದರೆ ಅಡುಗೆಯ ಉಪಾಯ ಸಾಲದು, ವೈದ್ಯರಿಗೆ ತೋರಿಸಿ. ಎರಡರಿಂದ ಐದು ವರ್ಷದವರಲ್ಲಿ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ.

ಕೊನೆಗೆ, ಮದುವೆ ಮಂಟಪಗಳ ಅಡುಗೆಯವರಲ್ಲಿ ಒಂದು ಕೋರಿಕೆ. ನೂರಾರು ಜನರಿಗೆ ಪಂದಿ, ಕೋಳಿ ಬೇಯಿಸುವಾಗ ಮಸಾಲೆ ಬೀಳುವ ಮುನ್ನ ಮಕ್ಕಳಿಗೆಂದು ಒಂದು ಪಾತ್ರೆ ತೆಗೆದಿಡಿ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಈಗ ಬಡಿಸುವ ಸಾಲಿನಲ್ಲಿ ಮಕ್ಕಳಿಗೆ ಸಿಗುವುದು ಬರೀ ನೂಪುಟ್ಟು (ಅಕ್ಕಿ ಶಾವಿಗೆ) ಮತ್ತು ಐಸ್‌ಕ್ರೀಂ.

– ಮಕ್ಕಳ ಆಹಾರ ಸಲಹೆಗಾರರು, ವಿರಾಜಪೇಟೆ