ಮಸಿ ಎಲ್ಲಿಗೆ ಹೋದನೆಂದು ನೀನು ಹೇಳಿದ ಸಂಜೆ

ಪ್ರೀತಿಯ ಮಗಳಿಗೆ,

ಮೇಳ ಮುಗಿದು ಒಂಬತ್ತು ದಿನಗಳಾದವು. ಮಕ್ಕಳ ಫೋರ್-ಎಚ್ ಕ್ಲಬ್ಬಿಗೆ ನೀನು ಕೊಡಬೇಕಾದ ದಾಖಲೆ ಪುಸ್ತಕದ ಕೊನೆಯ ಪುಟ ಇನ್ನೂ ಖಾಲಿ ಇದೆ, ನೀನು ಸಾಕಿದ ಕುರಿ ಮಸಿಯನ್ನು ಮೇಳದ ಹರಾಜಿನಲ್ಲಿ ಕೊಂಡವರಿಗೆ ಬರೆಯಬೇಕಾದ ಕೃತಜ್ಞತೆಯ ಪತ್ರ ಮೊದಲ ಸಾಲಿನಲ್ಲೇ ನಿಂತಿದೆ. ಅಮ್ಮ ಎರಡು ಸಲ ನೆನಪಿಸಿದಳು. ನಾನು ಒಮ್ಮೆಯೂ ನೆನಪಿಸಲಿಲ್ಲ, ಏಕೆಂದರೆ ನಿನಗಿಂತ ಮೊದಲು ಬರೆಯಬೇಕಾದವನು ನಾನು. ಭಾನುವಾರದ ತರಗತಿಯಲ್ಲಿ ಕಲಿತ ಕನ್ನಡಕ್ಕೆ ಇಷ್ಟುದ್ದದ ಪತ್ರ ಭಾರವೆನಿಸಬಹುದು. ತಡೆದಲ್ಲಿ ಅಮ್ಮನನ್ನು ಕೇಳಿ ಓದಿಸಿಕೋ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಂದು ನಿನ್ನ ತಮ್ಮನಿಗೆ ನಾನು ಸುಳ್ಳು ಹೇಳಿದ್ದು ಈ ಭಾಷೆಯಲ್ಲಿ, ನನ್ನ ಹಿರಿಯರು ಅಂಥದ್ದೇ ಸುಳ್ಳನ್ನು ನನಗೆ ಹೇಳಿದ್ದೂ ಈ ಭಾಷೆಯಲ್ಲಿ.

ನೀನು ಮಸಿಯನ್ನು ಹರಾಜಿನ ಕಣದಿಂದ ನಡೆಸಿಕೊಂಡು ಬಂದು, ಲಾರಿ ನಿಲ್ಲುವ ಕಡೆಯ ರೊಪ್ಪಕ್ಕೆ ಬಿಟ್ಟು, ಕೊರಳ ಹಗ್ಗವನ್ನು ಬಿಚ್ಚಿಕೊಂಡು ಬೇಲಿಯ ಬಳಿ ನಿಂತಿದ್ದೆ. ನಿನ್ನ ತಮ್ಮ ನನ್ನ ಕೈ ಎಳೆದು, ಮಸಿ ಈಗ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದ. ದೊಡ್ಡ ಫಾರ್ಮ್ ಒಂದಕ್ಕೆ ಹೋಗುತ್ತಾನೆ, ಅಲ್ಲಿ ಬೇಕಾದಷ್ಟು ಹುಲ್ಲಿದೆ ಎಂದೆ. ನೀನು ತಿರುಗಿದೆ. ಅತ್ತು ಊದಿಕೊಂಡ ಕಣ್ಣುಗಳಲ್ಲೇ, "ಇಲ್ಲ ಅಪ್ಪಾ, ಅವನಿಗೆ ಸುಳ್ಳು ಹೇಳಬೇಡ. ಮಸಿಯನ್ನ ಕೊಲ್ತಾರೆ. ಗೊತ್ತಿದ್ದೇ ನಾನು ಸೈನ್ ಮಾಡಿದೀನಿ" ಎಂದೆ. ಅಷ್ಟು ಜನರ ನಡುವೆ ನಾನು ನಿನ್ನನ್ನು ಗದರಿದೆ. ಮನೆಗೆ ಬರುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಗದರಿದ್ದಕ್ಕೆ ನಾನು ನಿನ್ನ ಕ್ಷಮೆ ಕೇಳುತ್ತೇನೆ, ಮಗಳೇ. ನೀನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ನಾನು ಹಾಗೇಕೆ ಮಾಡಿದೆ ಎಂಬುದನ್ನು ನಿನಗೆ ಈವರೆಗೆ ಹೇಳಿಲ್ಲ. ನಮ್ಮೂರು ಮಳವಳ್ಳಿ ಸೀಮೆಯದು, ಬನ್ನೂರು ಕುರಿಯ ನಾಡು. ಗಿಡ್ಡ ಕಾಲು, ಅಗಲ ಬೆನ್ನು, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಬೋಗುಣಿಯಂಥ ಮೈ. ರುಚಿಗೆ ಹೆಸರಾದ ತಳಿ. ನನಗೆ ಎಂಟು ವರ್ಷವಾಗಿದ್ದಾಗ ತಾತ ಒಂದು ಗಂಡುಮರಿಯನ್ನು ನನ್ನ ಪಾಲಿಗೆಂದು ಬಿಟ್ಟುಕೊಟ್ಟರು. ಮುಖದ ಮೇಲೆ ಕಂದು ಮಚ್ಚೆಯಿದ್ದ ಅದಕ್ಕೆ ಕೆಂಚ ಎಂದು ಹೆಸರಿಟ್ಟಿದ್ದೆ. ಶಾಲೆ ಬಿಟ್ಟೊಡನೆ ಅದನ್ನು ಕಾಲುವೆಯ ಏರಿಯ ಮೇಲೆ ಮೇಯಿಸುವುದು, ಹುರುಳಿಯ ಹೊಟ್ಟು ತಿನ್ನಿಸುವುದು ನನ್ನ ಕೆಲಸ. ಮಾರಿಹಬ್ಬದ ವರ್ಷ ಒಂದು ಬೆಳಿಗ್ಗೆ ಎದ್ದಾಗ ಕೆಂಚ ಇರಲಿಲ್ಲ. ಕಿರುಗಾವಲು ಸಂತೆಗೆ ಹೊಡೆದುಕೊಂಡು ಹೋದರು, ಯಾರೋ ಒಳ್ಳೆಯವರು ಸಾಕುವುದಕ್ಕೆಂದು ಕೊಂಡರು ಎಂದರು. ನಾನು ನಂಬಿದೆ, ಮಧ್ಯಾಹ್ನ ಎಲ್ಲರೊಡನೆ ಕೂತು ಹಬ್ಬದೂಟ ಮಾಡಿದೆ. ಸಂಜೆ ನಿನ್ನ ದೊಡ್ಡತ್ತೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ನಿಜ ಹೇಳಿದಳು.

ನಮ್ಮದು ಮಾಂಸ ತಿನ್ನುವ ಮನೆ, ಕುರಿ ಸಾಕುವುದು ಏತಕ್ಕೆಂದು ಆ ವಯಸ್ಸಿನಲ್ಲೂ ನನಗೆ ತಿಳಿದಿತ್ತು. ನಾನು ಕಂಗೆಟ್ಟದ್ದು ಕೆಂಚ ಸತ್ತದ್ದಕ್ಕಿಂತ ಹೆಚ್ಚಾಗಿ, ಅದರ ಹೆಸರು ಹೇಳಿ ಕಳಿಸಿಕೊಡುವ ಅವಕಾಶ ನನಗೆ ಸಿಗದೆ ಹೋದದ್ದಕ್ಕೆ. ತಾತ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಲಿಲ್ಲ, ಮಗುವಿಗೆ ನೋವಾಗದಿರಲಿ ಎಂದುಕೊಂಡರು. ಆದರೆ ಆ ಊಟವನ್ನು ನಾನು ಅವರಿಗೆ ಕ್ಷಮಿಸಲು ಬಹಳ ವರ್ಷಗಳು ಹಿಡಿದವು. ಅಂಥ ನಾನು ನಲವತ್ತು ವರ್ಷಗಳ ಮೇಲೆ, ಅಮೆರಿಕದ ಓಹಾಯೊ ರಾಜ್ಯದ ಒಂದು ಕೌಂಟಿ (ಜಿಲ್ಲಾ) ಮೇಳದ ಬೇಲಿಯ ಬಳಿ ನಿಂತು, ನನ್ನ ಮಗನಿಗೆ ಅದೇ ಮಾತನ್ನು ಹೇಳಿದೆ.

ಏಪ್ರಿಲ್‌ನಲ್ಲಿ ಆ ಎರಡು ಮರಿಗಳು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕುರಿ ಒಂಟಿಯಾಗಿದ್ದರೆ ಕೊರಗಿ ಮೇವು ಬಿಡುತ್ತದೆ, ಆದ್ದರಿಂದ ಎರಡು ಬೇಕೇ ಬೇಕು ಎಂದು ನೀನು ಹಟ ಹಿಡಿದಿದ್ದೆ. ಪ್ಲೇನ್ ಸಿಟಿಯ ಹೊರಗಿನ ನಮ್ಮ ಮನೆಗೆ ಹಿತ್ತಿಲಿದೆಯೇ ಹೊರತು ಕೊಟ್ಟಿಗೆಯಿಲ್ಲ. ರಸ್ತೆಯಾಚೆಯ ಹಿರಿಯ ದಂಪತಿಗಳು ತಮ್ಮ ಹಳೆಯ ಕೊಟ್ಟಿಗೆಯ ಒಂದು ಮೂಲೆಯನ್ನು ನಿನಗೆ ಬಿಟ್ಟುಕೊಟ್ಟರು, ಬಾಡಿಗೆಯ ಮಾತನ್ನೇ ಎತ್ತಲಿಲ್ಲ. ಕಪ್ಪು ಮುಖದ ಮರಿಗೆ ಕನ್ನಡದ ಹೆಸರೇ ಬೇಕೆಂದು ನನ್ನನ್ನು ಕೇಳಿ ಮಸಿ ಎಂದಿಟ್ಟೆ. ಮಾರುವ ಪ್ರಾಣಿಗೆ ಹೆಸರಿಡದಿದ್ದರೆ ಒಳ್ಳೆಯದು ಎಂದು ಕ್ಲಬ್ಬಿನಲ್ಲಿ ಯಾರೋ ಹೇಳಿದಾಗ, ಹೆಸರಿಲ್ಲದಿದ್ದರೂ ನನಗೆ ಅವನು ಗೊತ್ತಿರುತ್ತಾನಲ್ಲ ಎಂದವಳು ನೀನು.

ಅಂದು 60 ಪೌಂಡು, ಅಂದರೆ ಸುಮಾರು 27 ಕಿಲೋ ಇದ್ದ ಮಸಿ, ಮೇಳದ ತಕ್ಕಡಿಯ ಮೇಲೆ 128 ಪೌಂಡು ತೂಗಿದ. ತೊಂಬತ್ತು ದಿನಗಳಲ್ಲಿ ದಿನಕ್ಕೆ ಮುಕ್ಕಾಲು ಪೌಂಡು. ಈ ಅಂಕಿಯ ಹಿಂದಿರುವ ಬೆಳಗುಗಳನ್ನು ನಾನು ಕಂಡಿದ್ದೇನೆ. ಶಾಲೆಯ ಬಸ್ಸಿಗೆ ಮುಂಚೆ ಆರು ಗಂಟೆಗೆ ಎದ್ದು ಮೇವು ತೂಗಿ ಹಾಕುತ್ತಿದ್ದೆ, ನೀರಿನ ತೊಟ್ಟಿಯನ್ನು ಉಜ್ಜುತ್ತಿದ್ದೆ, ಸಂಜೆ ಎರಡನ್ನೂ ರಸ್ತೆಯಂಚಿನಲ್ಲಿ ನಡೆಸುತ್ತಿದ್ದೆ. ಕರುಳುಬೇನೆಗೂ ಧನುರ್ವಾಯುವಿಗೂ ಹಾಕುವ ಲಸಿಕೆಯ ಎರಡನೆಯ ಸುತ್ತು ಯಾವಾಗ ಎಂಬುದು ನಿನಗೆ ಬಾಯಿಪಾಠವಾಗಿತ್ತು. ಒಂದು ದಿನ ನಾನು ಅಂಗಡಿಯಿಂದ ಖನಿಜದ ಪುಡಿಯ ಚೀಲವನ್ನು ತಂದೆ, ಅದರ ಮೇಲೆ ಆಡಿನ ಚಿತ್ರವಿತ್ತು. ಆಡೂ ಕುರಿಯೂ ಒಂದೇ ಎಂದು ನಾನು ತಿಳಿದಿದ್ದೆ. ನೀನು ಚೀಲದ ಹಿಂಬದಿಯ ಸಣ್ಣಕ್ಷರಗಳನ್ನು ಓದಿ, ಇದರಲ್ಲಿ ತಾಮ್ರ ಹೆಚ್ಚಿದೆ, ಕುರಿಯ ಈಲಿಯಲ್ಲಿ ತಾಮ್ರ ಸೇರಿಕೊಳ್ಳುತ್ತ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಸಾಯುತ್ತದೆ ಎಂದು ಹೇಳಿ, ಚೀಲವನ್ನು ಹಿಂದಿರುಗಿಸುವಂತೆ ಮಾಡಿದೆ. ಕುರಿಯ ನಾಡಿನಲ್ಲಿ ಹುಟ್ಟಿದವನಿಗೆ ಅದು ತಿಳಿದಿರಲಿಲ್ಲ.

ಜಂತುಹುಳದ ಔಷಧ ಕುಡಿಸಿದ ದಿನ ನೀನು ಅದರ ಹೆಸರು, ಪ್ರಮಾಣ, ತಾರೀಖು, ಅದಾದ ಮೇಲೆ ಎಷ್ಟು ದಿನ ಆ ಪ್ರಾಣಿಯ ಮಾಂಸವನ್ನು ಬಳಸಬಾರದು ಎಂಬುದನ್ನೆಲ್ಲ ಬರೆದಿಟ್ಟೆ. ಮೇಳಕ್ಕೆ ಮುನ್ನ ಔಷಧಗಳ ನಮೂನೆಗೆ ನಾವಿಬ್ಬರೂ ಸಹಿ ಹಾಕಿದೆವು. 1994ರಲ್ಲಿ ಇದೇ ಓಹಾಯೊದ ರಾಜ್ಯ ಮೇಳದಲ್ಲಿ, ಬಹುಮಾನ ಪಡೆದ ಹಲವು ಪ್ರಾಣಿಗಳಿಗೆ ಅಕ್ರಮವಾಗಿ ಔಷಧ ಕೊಟ್ಟದ್ದು ಪತ್ತೆಯಾಗಿ ಬಹುಮಾನಗಳು ರದ್ದಾದವು. ಈಗಿನ ಬಿಗಿಯ ಹಿಂದೆ ಆ ಅವಮಾನವೂ ಇದೆ. ಮಕ್ಕಳ ಸ್ಪರ್ಧೆಯಲ್ಲಿ ದೊಡ್ಡವರು ಗೆಲ್ಲಲು ಹೊರಟರೆ ಹೀಗಾಗುತ್ತದೆ.

ಶೋಮನ್‌ಶಿಪ್, ಅಂದರೆ ಪ್ರಾಣಿಯನ್ನು ನಡೆಸಿ ತೋರಿಸುವ ಕೌಶಲದ ಸ್ಪರ್ಧೆಯ ದಿನ ನಾನು ಕಟಕಟೆಯ ಹೊರಗೆ ನಿಂತು ನೋಡಿದೆ. ಕಣದೊಳಗೆ ಕುರಿಗೆ ಹಗ್ಗವಿಲ್ಲ. ದವಡೆಯ ಕೆಳಗೆ ಒಂದು ಕೈ, ತಲೆಯ ಹಿಂದೆ ಒಂದು ಕೈ, ಎದೆಗೆ ನಿನ್ನ ಮೊಣಕಾಲು. ಕುರಿ ನಿನ್ನ ಕಾಲನ್ನು ಎದುರೊತ್ತಿ ನಿಂತಾಗ ಅದರ ಬೆನ್ನು ತೊಡೆಗಳ ಸ್ನಾಯು ಬಿಗಿಯುತ್ತದೆ, ತೀರ್ಪುಗಾರರು ಆಗ ಬಂದು ಬೆನ್ನನ್ನು ಬೆರಳುಗಳಿಂದ ಒತ್ತಿ ನೋಡುತ್ತಾರೆ. ಅವರ ಕೈ ಸೊಂಟದ ಮೇಲೆ ಹರಿದಾಡಿದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು, ಏಕೆಂದರೆ ತಾತ ಸಂತೆಯಲ್ಲಿ ಕುರಿಯ ಬೆನ್ನನ್ನು ಒತ್ತಿ ನೋಡುತ್ತಿದ್ದುದು ಹಾಗೆಯೇ. ಬೆಲೆಯ ಮಾತನ್ನು ಮಾತ್ರ ನಮ್ಮಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು, ಪಕ್ಕದವರಿಗೂ ತಿಳಿಯದಂತೆ ಮುಗಿಸುತ್ತಿದ್ದರು, ಇಲ್ಲಿ ಹರಾಜಿನವನು ಉಸಿರು ಬಿಡದೆ ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ತೀರ್ಪುಗಾರರು ನಿನ್ನನ್ನು ಪ್ರಶ್ನೆ ಕೇಳಿದರು. ಮೇವಿನಲ್ಲಿ ಎಷ್ಟು ಪ್ರೋಟೀನ್? ಶೇಕಡಾ 16. ಈ ತೂಕದಲ್ಲಿ ಮಾಂಸವಾಗಿ ಎಷ್ಟು ಉಳಿಯುತ್ತದೆ? ಸುಮಾರು ಅರ್ಧ. ಆ ಕೊನೆಯ ಉತ್ತರವನ್ನು ನೀನು ಮಸಿಯ ತಲೆಯನ್ನು ಹಿಡಿದುಕೊಂಡೇ, ತೀರ್ಪುಗಾರರ ಕಣ್ಣು ನೋಡುತ್ತ ಹೇಳಿದೆ. ನಿನಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ನಾನು ಆ ಉತ್ತರವನ್ನು ನನ್ನ ಜೊತೆ ಮನೆಗೆ ತಂದಿದ್ದೇನೆ.

ಇನ್ನೊಂದು ವಿಷಯವನ್ನು ನಿನ್ನಿಂದ ಮುಚ್ಚಿಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಜೂನ್‌ನಲ್ಲಿ, ನಿನಗೆ ತಿಳಿಯದಂತೆ, ಮಸಿಯನ್ನು ಹರಾಜಿನಿಂದ ಹಿಂದಕ್ಕೆ ಪಡೆಯಬಹುದೇ ಎಂದು ನಾನು ಕ್ಲಬ್ಬಿನ ಹಿರಿಯರನ್ನು ವಿಚಾರಿಸಿದೆ. ಮೇಳಕ್ಕೆ ಮುಂಚೆ ಬೇಕಾದರೆ ನಿಮ್ಮ ಮಗಳು ಹಿಂದೆ ಸರಿಯಬಹುದು, ಆದರೆ ಅದನ್ನು ಅವಳು ಹೇಳಬೇಕು, ನೀವಲ್ಲ ಎಂದರು. ಅದೇ ವಾರ ನಾನು ಕ್ಯಾಲಿಫೋರ್ನಿಯದ ಶಾಸ್ತಾ ಕೌಂಟಿಯ ಪ್ರಕರಣವನ್ನು ಓದಿದೆ. 2022ರಲ್ಲಿ ಅಲ್ಲಿನ ಮೇಳಕ್ಕೆ ಒಂಬತ್ತು ವರ್ಷದ ಒಬ್ಬ ಹುಡುಗಿ ತಾನು ಸಾಕಿದ ಆಡನ್ನು ತಂದಿದ್ದಳು. ಕಳಿಸಿಕೊಡುವ ಹೊತ್ತಿಗೆ ಮನಸ್ಸು ಒಪ್ಪದೆ ಅತ್ತಳು, ತಾಯಿ ಆಡನ್ನು ಮೇಳದಿಂದ ಒಯ್ದು ದೂರದ ಇನ್ನೊಂದು ಕೌಂಟಿಯಲ್ಲಿ ಇರಿಸಿದಳು. ಶೆರಿಫ್ ಕಚೇರಿಯ ಅಧಿಕಾರಿಗಳು ನೂರಾರು ಮೈಲಿ ಹೋಗಿ ಆಡನ್ನು ಹಿಡಿದು ತಂದರು, ಅದನ್ನು ಕೊಲ್ಲಲಾಯಿತು. ಕುಟುಂಬ ನ್ಯಾಯಾಲಯಕ್ಕೆ ಹೋಗಿ, 2024ರಲ್ಲಿ ಮೂರು ಲಕ್ಷ ಡಾಲರಿನ ರಾಜಿಯಾಯಿತು. ಒಂಬತ್ತು ವರ್ಷದ ಮಗು ಬೇಡವೆಂದು ಅತ್ತಾಗ ಅಷ್ಟು ದೂರ ಅಧಿಕಾರಿಗಳನ್ನು ಅಟ್ಟಿದ್ದು ಕ್ರೌರ್ಯವೆಂದೇ ನನ್ನ ಎಣಿಕೆ, ನಿಯಮ ಯಾರ ಕಡೆಗಿದ್ದರೂ ಸರಿ. ಅದನ್ನು ಓದಿದ ರಾತ್ರಿಯೇ ನಾನು ನಿನ್ನನ್ನು ಕರೆದು, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹಾಗಾಗಿ ನೀನು ಆ ಭಾರವನ್ನು ಒಬ್ಬಳೇ ಹೊತ್ತು ಕಣಕ್ಕೆ ಇಳಿದೆ.

ಮೇಳಕ್ಕೆ ಬಂದಿದ್ದ ನಮ್ಮ ಕನ್ನಡದ ಸ್ನೇಹಿತರಲ್ಲಿ ಕೆಲವರು, ಹೆಣ್ಣುಮಗುವಿನ ಕೈಯಲ್ಲಿ ಇದನ್ನು ಮಾಡಿಸಬೇಕೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಅವರು ಮಾಂಸ ತಿನ್ನದವರು, ಅವರ ಸಂಕಟ ನನಗೆ ಅರ್ಥವಾಗುತ್ತದೆ, ಅದಕ್ಕೆ ನಾನು ಎದುರಾಡಲಾರೆ. ಆದರೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಾಂಸವಿರುತ್ತದೆ, ಅದು ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುತ್ತದೆ. ಅದರ ಹಿಂದಿರುವ ತೊಂಬತ್ತು ಬೆಳಗುಗಳನ್ನು ಈ ಮನೆಯಲ್ಲಿ ತಿಳಿದಿರುವವಳು ನೀನೊಬ್ಬಳೇ.

ನೀನು ಪ್ರತಿ ಸಭೆಯಲ್ಲಿ ಬಲಗೈಯನ್ನು ತಲೆಗೂ ಎದೆಗೂ ತಂದು ಹೇಳುವ ಫೋರ್-ಎಚ್ ಪ್ರತಿಜ್ಞೆಯನ್ನು ನಾನು ಮೊದಮೊದಲು ಶಾಲೆಯ ಪ್ರಾರ್ಥನೆಯಂತೆ ಕೇಳಿಸಿಕೊಂಡಿದ್ದೆ: ತಲೆಯನ್ನು ಇನ್ನಷ್ಟು ಸ್ಪಷ್ಟವಾದ ಚಿಂತನೆಗೆ, ಹೃದಯವನ್ನು ಹೆಚ್ಚಿನ ನಿಷ್ಠೆಗೆ, ಕೈಗಳನ್ನು ದೊಡ್ಡ ಸೇವೆಗೆ, ಆರೋಗ್ಯವನ್ನು ಉತ್ತಮ ಬದುಕಿಗೆ. ಇಲ್ಲಿಂದ ಒಂದು ಗಂಟೆಯೊಳಗಿನ ದಾರಿಯಾದ ಸ್ಪ್ರಿಂಗ್‌ಫೀಲ್ಡಿನಲ್ಲಿ, 1902ರ ಜನವರಿಯಲ್ಲಿ, ಎ. ಬಿ. ಗ್ರಹಾಮ್ ಎಂಬ ಶಾಲಾ ಮೇಲ್ವಿಚಾರಕರು ಹಳ್ಳಿಯ ಮಕ್ಕಳನ್ನು ನ್ಯಾಯಾಲಯದ ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿಸಿ ಶುರುಮಾಡಿದ ಕೂಟ ಇದು. ಮಣ್ಣು ಪರೀಕ್ಷಿಸುವುದು, ಮೆಕ್ಕೆಜೋಳದ ಒಳ್ಳೆಯ ಬೀಜ ಆರಿಸಿ ಬಿತ್ತುವುದು, ಆದದ್ದನ್ನು ಬರೆದಿಡುವುದು ಆ ಮಕ್ಕಳ ಕೆಲಸವಾಗಿತ್ತು. ಆ ಬೇಲಿಯ ಬಳಿ ನಿನ್ನ ತಮ್ಮನಿಗೆ ಉತ್ತರ ಕೊಟ್ಟಾಗ ನಿನ್ನ ತಲೆ ಸ್ಪಷ್ಟವಾಗಿತ್ತು, ಹೃದಯ ಮಸಿಯ ಕಡೆಗಿತ್ತು. ಎರಡೂ ಒಟ್ಟಿಗೆ ಇರಬಹುದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಈಗ ಆ ಖಾಲಿ ಪುಟದ ಮಾತು. ಲೆಕ್ಕದ ಭಾಗವನ್ನು ನೀನು ಆಗಲೇ ತುಂಬಿದ್ದೀಯ: ಮರಿಗಳ ಬೆಲೆ, ಮೇವು, ಹುಲ್ಲು, ಲಸಿಕೆ, ಹರಾಜಿನ ಹಣ. ಉಳಿದಿರುವುದು ಈ ವರ್ಷ ಏನು ಕಲಿತೆ ಎಂಬ ಪ್ರಶ್ನೆ. ಜವಾಬ್ದಾರಿ, ಪರಿಶ್ರಮ ಎಂದು ಬರೆದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಆದರೆ ನೀನು ಹಾಗೆ ಬರೆಯಲಾರದೆಯೇ ಅದನ್ನು ಖಾಲಿ ಬಿಟ್ಟಿದ್ದೀಯ ಎಂದು ನನಗೆ ತೋರುತ್ತದೆ. ಅತ್ತದ್ದನ್ನು ಬರೆ. ಎರಡನೆಯ ಮರಿ ಹರಾಜಿಲ್ಲದೆ ಬರಿಯ ಮಾರುಕಟ್ಟೆ ಬೆಲೆಗೆ ಅದೇ ಲಾರಿ ಹತ್ತಿತೆಂದು, ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲವೆಂದು ನೀನು ಅಮ್ಮನಿಗೆ ಹೇಳಿದೆಯಂತೆ, ಅದನ್ನೂ ಬರೆ. ಮುಂದಿನ ವರ್ಷ ಕುರಿ ಬೇಡವೆನಿಸಿದರೆ ಹಾಗೆಂದೇ ಬರೆ. ಹೋದ ವರ್ಷದಂತೆ ಡೇರಿಯಿಂದ ಜರ್ಸಿ ಕರುವನ್ನು ತಾತ್ಕಾಲಿಕವಾಗಿ ತಂದು ಬೆಳೆಸಿ ಹಿಂದಿರುಗಿಸುವ ದಾರಿ ಇದ್ದೇ ಇದೆ. ಬೇಕೆನಿಸಿದರೆ, ಬೆಳಗಿನ ಪಾಳಿಯಲ್ಲಿ ವಾರಕ್ಕೆ ಮೂರು ದಿನ ನನ್ನದು.

ಕೊಂಡವರಿಗೆ ಬರೆಯುವ ಪತ್ರದಲ್ಲಿ ಮಸಿಯ ಹೆಸರನ್ನು ಬರೆಯಬೇಕೋ ಬೇಡವೋ ಎಂದು ನೀನು ಅಮ್ಮನನ್ನು ಕೇಳಿದೆಯಂತೆ. ಬರೆ ಮಗಳೇ. ಅವರು ಮಾರುಕಟ್ಟೆಯ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟದ್ದು ಮಾಂಸಕ್ಕಲ್ಲ, ನಿನ್ನ ದುಡಿಮೆಗೆ. ದುಡಿದದ್ದು ಯಾರಿಗಾಗಿ ಎಂಬುದು ಅವರಿಗೂ ತಿಳಿಯಲಿ.

ನಿನ್ನ ತಮ್ಮ ನಿನ್ನೆ ಮತ್ತೆ ಕೇಳಿದ, ಆ ಹುಲ್ಲಿನ ಫಾರ್ಮಿಗೆ ನಾವು ಯಾವಾಗ ಹೋಗುವುದು ಎಂದು. ನೀನು ಹೇಳಿದ್ದನ್ನು ಬಿಟ್ಟು ನಾನು ಹೇಳಿದ್ದನ್ನೇ ಅವನು ಹಿಡಿದುಕೊಂಡಿದ್ದಾನೆ. ಈ ಶನಿವಾರ ಬೆಳಿಗ್ಗೆ ಅವನನ್ನು ಕೊಟ್ಟಿಗೆಗೆ ಕರೆದೊಯ್ದು, ಮಸಿಯಿದ್ದ ಜಾಗದಲ್ಲೇ ಕೂರಿಸಿಕೊಂಡು, ನಿಜವನ್ನು ನಾನೇ ಹೇಳುತ್ತೇನೆ, ಕೆಂಚನ ಕಥೆಯನ್ನೂ ಹೇಳುತ್ತೇನೆ. ನೀನು ನಮ್ಮ ಜೊತೆ ಬಾ. ನನಗೆ ಮಾತು ತಡೆದರೆ ನೀನು ಮುಂದುವರಿಸು.

ನಿನ್ನ ಪ್ರೀತಿಯ
ಅಪ್ಪ