ಬಾಣದ ಕಡ್ಡಿ ಎಂದು ಮಾರಿದ ಡೋವೆಲ್‌ಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: 48 ಬರ್ಚ್ ಮರದ ಡೋವೆಲ್‌ಗಳಲ್ಲಿ (ದುಂಡು ಕಡ್ಡಿಗಳಲ್ಲಿ) 27 ಬಾಣಕ್ಕೆ ಬಾರದಿರುವುದು, ಹಣ ವಾಪಸಾತಿ

ಮಾನ್ಯರೇ,

ನಿಮ್ಮಿಂದ ತರಿಸಿದ 32 ಇಂಚು ಉದ್ದದ, 23/64 ಇಂಚು (9.13 ಮಿ.ಮೀ.) ದಪ್ಪದ ಕಡ್ಡಿಗಳಿಗೆಲ್ಲ ನಂಬರ್ ಹಾಕಿ ಪರೀಕ್ಷಿಸಿದ್ದೇವೆ. ನಮ್ಮ ಮೊದಲ ಮೇಲ್‌ಗೆ 'ಮರ ನೈಸರ್ಗಿಕ ವಸ್ತು, ಸಣ್ಣಪುಟ್ಟ ವ್ಯತ್ಯಾಸ ಸಹಜ' ಎಂಬ ಉತ್ತರ ಬಂತು. ಸೊಟ್ಟಗಿರುವ 8 ಕಡ್ಡಿಗಳಿಗೆ ಆ ಮಾತು ಒಪ್ಪೋಣ. ಬಿಸಿ ತೋರಿಸಿ ಕೈಯಲ್ಲೇ ನೆಟ್ಟಗೆ ಮಾಡಿಕೊಳ್ಳಬಹುದು. ಉಳಿದದ್ದಕ್ಕೆ ಒಪ್ಪಲಾಗದು.

ಮುಖ್ಯ ತಕರಾರು ಎಳೆಯದು. 17 ಕಡ್ಡಿಗಳಲ್ಲಿ ಮರದ ಎಳೆ ತುದಿಯಿಂದ ತುದಿಗೆ ಓಡದೆ ಓರೆಯಾಗಿ ಹೊರಬೀಳುತ್ತದೆ. 7ನೇ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಫೋಟೊ ಕೂಡ ಬೇಡ: ನಡುಭಾಗದಲ್ಲಿ ಒಂದು ಪಕ್ಕ ಹೊಕ್ಕ ಎಳೆ ಬರೀ 10 ಸೆಂ.ಮೀ. ಒಳಗೆ ಎದುರು ಪಕ್ಕದಿಂದ ಹೊರಬಂದಿದೆ. ಕೈಯಲ್ಲಿ ಬಗ್ಗಿಸಿದಾಗ ಸರಿಯಾಗಿ ಅಲ್ಲೇ ಸೀಳಿತು, ಮುರಿದ ತುದಿ ಕೊರೆದ ಲೇಖನಿಯ ಹಾಗೆ ಚೂಪಾಗಿದೆ. ಹೆದೆ ಬಿಟ್ಟ ಕ್ಷಣ ಬಾಣ ಬಿಲ್ಲಿನ ಪಕ್ಕದಲ್ಲಿ ಬಳುಕಿಯೇ ಮುಂದೆ ಹೋಗುವುದು. ಆಗ ಮುರಿದರೆ ಹಿಂದಿನ ತುಂಡನ್ನು ಹೆದೆ ಇನ್ನೂ ತಳ್ಳುತ್ತಲೇ ಇರುತ್ತದೆ, ಅದು ನೆಡುವುದು ಬಿಲ್ಲು ಹಿಡಿದ ಕೈಗೆ. ಟೊಮೆಟೊ ಗಿಡಕ್ಕೆ ಆಸರೆ ಕೊಡಲು ಈ ಕಡ್ಡಿಗಳು ಚೆನ್ನಾಗಿವೆ, ಬಿಲ್ಲಿಗೆ ಬೇಡ.

ಕಾರಣ ನಿಮ್ಮ ಕಾರ್ಖಾನೆಯಲ್ಲೇ ಗೊತ್ತಾಗುತ್ತದೆ. ಎಳೆ ನೋಡದೆ ಗರಗಸದಲ್ಲಿ ಹಲಗೆ ಸೀಳಿ, ಚೌಕ ಪಟ್ಟಿ ಮಾಡಿ ಡೋವೆಲ್ ಯಂತ್ರಕ್ಕೆ ಕೊಟ್ಟರೆ ಯಂತ್ರ ದುಂಡಗೆ ಮಾಡುತ್ತದೆ, ಎಳೆಯ ದಿಕ್ಕು ತಿದ್ದುವುದಿಲ್ಲ. ಪೀಠೋಪಕರಣದ ಗೂಟಕ್ಕೆ ಇಷ್ಟು ಸಾಕು.

ಇನ್ನು 10 ಕಡ್ಡಿಗಳ ದೋಷ ದಪ್ಪ ಮತ್ತು ಬಿಗಿಯಲ್ಲಿ. ಕ್ಯಾಲಿಪರ್‌ನಲ್ಲಿ 6 ಕಡ್ಡಿಗಳು 9.4ರಿಂದ 9.6 ಮಿ.ಮೀ. ತೋರಿಸಿದವು. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಕಡ್ಡಿ 9.3 ದಾಟುವಂತಿಲ್ಲ, ಹಾಗಾಗಿ ಸ್ಪರ್ಧೆಗೂ ಇವು ಸಲ್ಲವು. ನಾವು ಕೇಳಿದ ಸ್ಪೈನ್, ಅಂದರೆ ಕಡ್ಡಿಯ ಬಿಗಿ, 45–50 ಪೌಂಡ್ (ಕಡ್ಡಿಗೆ ಒಪ್ಪುವ ಬಿಲ್ಲಿನ ಸೆಳೆತದ ಲೆಕ್ಕ). 26 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 2 ಪೌಂಡ್ (907 ಗ್ರಾಂ) ತೂಗುಹಾಕಿದರೆ ಕಡ್ಡಿ 13.2ರಿಂದ 14.7 ಮಿ.ಮೀ. ಬಾಗಬೇಕು. ಉಳಿದ 4ರಲ್ಲಿ ಒಂದು 10 ಮಿ.ಮೀ. ಮಾತ್ರ ಬಾಗಿತು, ಅಂದರೆ 66 ಪೌಂಡ್; ಇನ್ನೊಂದು 19, ಅಂದರೆ ಸುಮಾರು 35. ಒಂದೇ ಬಿಲ್ಲಿನಿಂದ ಬಲಗೈ ಬಿಲ್ಲುಗಾರ ಇವೆರಡನ್ನೂ ಬಿಟ್ಟರೆ ಬಿಗಿಯದು ಎಡಕ್ಕೆ, ಮೆತ್ತನೆಯದು ಬಲಕ್ಕೆ ಹೋಗುತ್ತದೆ. ಗುರಿ ಕಲಿಯುವವರು ತಮ್ಮ ಕೈಯನ್ನೇ ಅನುಮಾನಿಸಬೇಕಾಗುತ್ತದೆ.

ಆದ್ದರಿಂದ 27 ಕಡ್ಡಿಗಳ ಹಣ, ವಾಪಸು ಕಳಿಸುವ ಸಾಗಣೆ ಖರ್ಚು ನಮಗೆ ಸಿಗಬೇಕು. ಬದಲಿ ಕಳಿಸುವುದಾದರೆ ಎಳೆ ನೋಡಿ ಆರಿಸಿದ, ಸ್ಪೈನ್ ಅಳೆದು ಕಡ್ಡಿಯ ಮೇಲೆಯೇ ಬರೆದ ಸರಕು ಮಾತ್ರ ಕಳಿಸಿ. ಅಲ್ಲಿಯವರೆಗೆ ಈ ಸರಕಿನ ಪಟ್ಟಿಯಿಂದ 'ಬಾಣಕ್ಕೆ' ಎಂಬ ಪದ ತೆಗೆಯಿರಿ. ಇದನ್ನು ಕೊಂಡ ಬೇರೆಯವರಿಗೂ ಎಚ್ಚರಿಕೆ ಕಳಿಸಿ. ಅವರಲ್ಲಿ ಮಕ್ಕಳಿಗೆ ಬಾಣ ಮಾಡಿಕೊಟ್ಟವರೂ ಇರಬಹುದು.

15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಮುರಿದ 7ನೇ ಕಡ್ಡಿಯ ಎರಡೂ ತುಂಡು, ಅಳತೆಯ ಪಟ್ಟಿ, ಖರೀದಿ ರಸೀದಿಯ ನಕಲು ಲಗತ್ತಿಸಿದ್ದೇವೆ. ತುಂಡುಗಳನ್ನು ಬರಿಗೈಯಲ್ಲಿ ಹಿಡಿಯಬೇಡಿ, ಸಿಬಿರು ಚುಚ್ಚೀತು.

ಇಂತಿ,
ಬಿಲ್ವಿದ್ಯಾ ಅಭ್ಯಾಸಿಗಳ ಪರವಾಗಿ