ಅಭಿನಯ ಕಲಿಯಹೊರಟ ಸೋದರಸೊಸೆಗೆ

ಸಾಗರ ತಾಲ್ಲೂಕು
ಶ್ರಾವಣ ಮಾಸ

ಚಿ. ಸೌ. ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮ ಸಮಾಚಾರ ತಿಳಿದು ಸಂತೋಷವಾಯಿತು.

ಶಿವಮೊಗ್ಗದಲ್ಲಿ ಶನಿವಾರ, ಭಾನುವಾರದ ಸಂಜೆಗಳಲ್ಲಿ ವಯಸ್ಕರಿಗೆಂದೇ ನಡೆಸುವ ಅಭಿನಯದ ಪ್ರಾರಂಭಿಕ ತರಗತಿಗೆ ಸೇರಬೇಕೋ ಬೇಡವೋ ಎಂದು ನೀನು ಕೇಳಿದ್ದೀಯೆ. ಸೇರು ಎಂಬುದೇ ನನ್ನ ಉತ್ತರ. ಆದರೆ ಬರಿಯ ಒಪ್ಪಿಗೆ ಕೇಳುವುದಕ್ಕಾಗಿ ನೀನು ಅಷ್ಟು ದೀರ್ಘವಾಗಿ ಬರೆದಿರಲಾರೆ. ಮೂವತ್ತೆಂಟು ತುಂಬಿದ ಮೇಲೆ, ಬ್ಯಾಂಕಿನ ಕೆಲಸ ಮತ್ತು ಮಕ್ಕಳ ಓದಿನ ನಡುವೆ ಇದು ಶೋಭಿಸುತ್ತದೆಯೇ, ಹತ್ತು ಜನರೆದುರು ನಿಂತರೆ ಬಾಯಿ ಒಣಗುವವಳಿಗೆ ಇದು ಒಲಿಯುತ್ತದೆಯೇ ಎಂಬ ನಿನ್ನ ಎರಡು ಅಳುಕುಗಳ ಬಗ್ಗೆಯೂ, ಅಲ್ಲಿ ಹೋಗಿ ಕಲಿಯಬೇಕಾದದ್ದೇನು ಎಂಬುದರ ಬಗ್ಗೆಯೂ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಶೋಭಿಸುವ ಮಾತನ್ನು ಮೊದಲು ಮುಗಿಸಿಬಿಡೋಣ. ನಮ್ಮ ಸೀಮೆಯಲ್ಲಿ ನಾಟಕವನ್ನು ಕಟ್ಟಿ ಬೆಳೆಸಿದವರು ಬೇರೆ ಕೆಲಸವಿಲ್ಲದೆ ಕುಳಿತವರೇನಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಹುಟ್ಟಿದಾಗ ಅದು ಹಳ್ಳಿಯ ಹವ್ಯಾಸಿಗಳ ಕೂಟವಾಗಿತ್ತು. ಅದನ್ನು ನಾಡಿಗೆಲ್ಲ ಪರಿಚಿತವಾಗುವಂತೆ ಬೆಳೆಸಿ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ. ವಿ. ಸುಬ್ಬಣ್ಣನವರು ಅಡಿಕೆ ತೋಟ ಮಾಡಿಕೊಂಡಿದ್ದ ಕೃಷಿಕರೇ. ಇನ್ನು ಹೆಣ್ಣುಮಕ್ಕಳ ವಿಚಾರ. ಯಕ್ಷಗಾನದ ಸ್ತ್ರೀವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಈ ಊರುಗಳಲ್ಲಿ ಇಂದು ಗೃಹಿಣಿಯರೇ ಸೇರಿಕೊಂಡು, ವೇಷ ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆ ನಡೆಸುತ್ತಾರೆ, ಮತ್ತು ಅವರಲ್ಲಿ ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಮುಖ ಗಂಟಿಕ್ಕಿದರೆ ನನ್ನ ಹೆಸರನ್ನು ಹೇಳು, ನಾನೇ ಮಾತಾಡುತ್ತೇನೆ.

ನಾಚಿಕೆ ಬಿಡಿಸಿಕೊಳ್ಳಲು ಹೋಗುತ್ತೇನೆ ಎಂದು ನೀನು ಬರೆದಿರುವುದು ಮಾತ್ರ ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಅಭಿನಯವೆಂದರೆ ತನ್ನನ್ನು ನಾಲ್ಕು ಜನರಿಗೆ ತೋರಿಸಿಕೊಳ್ಳುವುದು ಎಂದು ಹೊರಗಿನಿಂದ ಕಾಣುತ್ತದೆ. ಇಷ್ಟು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತ, ಎಂದರೆ ಪಾತ್ರದ ಮಾತುಗಳನ್ನಾಡುತ್ತ, ಬಂದವಳಾಗಿ ನಾನು ಕಂಡುಕೊಂಡದ್ದು, ಅದು ಮೊಟ್ಟಮೊದಲು ಎದುರಿನವರನ್ನು ಕೇಳಿಸಿಕೊಳ್ಳುವ ಕಲೆ ಎಂಬುದನ್ನು. ಭರತಮುನಿ ಹೇಳಿದ ಮೈಚಲನೆಯ ಆಂಗಿಕ, ಮಾತಿನ ವಾಚಿಕ, ವೇಷದ ಆಹಾರ್ಯ, ಒಳಭಾವದ ಸಾತ್ವಿಕ ಎಂಬ ನಾಲ್ಕು ಬಗೆಯ ಅಭಿನಯದಲ್ಲಿ ತಾಳಮದ್ದಳೆಯು ವೇಷಭೂಷಣವನ್ನು ಪೂರ್ತಿಯಾಗಿ ಕೈಬಿಡುತ್ತದೆ, ಕುಣಿತವೂ ಅಲ್ಲಿಲ್ಲ; ಭಾಗವತರು ಪದ್ಯ ಹಾಡಿದ ಮೇಲೆ ಕುಳಿತಲ್ಲಿಯೇ ಆಶುವಾಗಿ ಆಡುವ ಮಾತೊಂದೇ ಉಳಿಯುತ್ತದೆ. ಅಲ್ಲಿ ಎದುರು ಅರ್ಥಧಾರಿ ಹೇಳಿದ್ದನ್ನು ಕೇಳದೆ ಮಾತಾಡಿದವರ ಬಂಡವಾಳ ಐದೇ ನಿಮಿಷದಲ್ಲಿ ಬಯಲಾಗುತ್ತದೆ.

ಒಮ್ಮೆ ನಮ್ಮೂರ ದೇವಸ್ಥಾನದಲ್ಲಿ ವಾಲಿವಧೆ ಪ್ರಸಂಗ ನಡೆಯಿತು. ರಾಮನ ಅರ್ಥ ಹೇಳುವ ಹುಡುಗಿ ಹೊಸಬಳು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಜರೆದಾಗ ಕೊಡಬೇಕಾದ ಸಮರ್ಥನೆಗಳನ್ನೆಲ್ಲ ನೋಟುಪುಸ್ತಕದಲ್ಲಿ ಬರೆದು ತಂದು ತೊಡೆಯ ಮೇಲಿಟ್ಟುಕೊಂಡಿದ್ದಳು. ವಾಲಿಯ ಅರ್ಥ ಹೇಳುತ್ತಿದ್ದ ಹಿರಿಯಾಕೆ ಆ ದಿನ ಜರೆಯಲೇ ಇಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ನನ್ನ ಅಂಗದನನ್ನು ಇನ್ನು ಯಾರ ಕೈಗೆ ಒಪ್ಪಿಸಲಿ?’ ಎಂದಷ್ಟೇ ಕೇಳಿದರು. ಹುಡುಗಿಯ ಕೈ ಪುಟ ತಿರುವಲು ಹೋಗಿ ಅರ್ಧದಲ್ಲಿ ನಿಂತಿತು. ಅವಳು ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟು, ಆ ಹಿರಿಯಾಕೆಯ ಮುಖವನ್ನೇ ನೋಡುತ್ತ, ತಡವರಿಸುತ್ತ ಎರಡು ವಾಕ್ಯ ಆಡಿದಳು. ಅದುವರೆಗೆ ಅವಳ ಬಾಯಿಂದ ಬಂದ ಮಾತುಗಳಲ್ಲೆಲ್ಲ ರಾಮ ಕಾಣಿಸಿದ್ದು ಆ ಎರಡು ವಾಕ್ಯಗಳಲ್ಲಿ.

ನಿನ್ನ ತರಗತಿಯಲ್ಲಿಯೂ ಮೊದಮೊದಲು ಇಂತಹುದನ್ನೇ ಬೇರೆ ರೂಪದಲ್ಲಿ ಮಾಡಿಸುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಒಬ್ಬರು ಕೈ ಎತ್ತಿದಂತೆ ಇನ್ನೊಬ್ಬರೂ ಎತ್ತುವ ಕನ್ನಡಿಯಾಟ ಇರುತ್ತದೆ. ಅಮೆರಿಕದ ರಂಗಶಿಕ್ಷಕ ಸ್ಯಾನ್‌ಫೋರ್ಡ್ ಮೈಸ್ನರ್ ರೂಪಿಸಿದ, ಇಬ್ಬರು ಒಂದೇ ವಾಕ್ಯವನ್ನು ಒಬ್ಬರಿಗೊಬ್ಬರು ಮರಳಿ ಮರಳಿ ಹೇಳುತ್ತ ಹೋಗುವ ಅಭ್ಯಾಸವೂ ಇರಬಹುದು. ಇವು ಮಕ್ಕಳಾಟದಂತೆ ಕಂಡು ನಿನಗೆ ಮುಜುಗರವಾದೀತು. ನಾಟಕ ಯಾವಾಗ ಶುರುವಾಗುತ್ತದೆ ಎಂಬ ಆತುರವೂ ಹುಟ್ಟೀತು. ಆ ಆತುರಕ್ಕೆ ಬೀಳಬೇಡ. ಎದುರಿಗೆ ನಿಂತವರ ಕಣ್ಣು, ಉಸಿರು, ಹೆಗಲಿನ ಬಿಗಿತ ಇವುಗಳ ಮೇಲೆ ನಿನ್ನ ಗಮನ ನಿಜವಾಗಿ ನೆಲೆಸಿದ ಕ್ಷಣದಲ್ಲಿ, ನಾನು ಹೇಗೆ ಕಾಣುತ್ತಿದ್ದೇನೆ ಎಂಬ ಯೋಚನೆಗೆ ಮನಸ್ಸಿನಲ್ಲಿ ಜಾಗವೇ ಉಳಿಯುವುದಿಲ್ಲ. ಬಾಯಿ ಒಣಗುವುದು ಆಗಲೂ ಪೂರ್ತಿ ನಿಲ್ಲದು. ಅನುಭವಸ್ಥರಿಗೂ ಪ್ರವೇಶಕ್ಕೆ ಮುಂಚೆ ಅಂಗೈ ಬೆವರುತ್ತದೆ.

ನಾಚಿಕೆಗೆ ಇನ್ನೊಂದು ಮದ್ದೆಂದರೆ ಕೈಗೆ ಕೆಲಸ. ರಷ್ಯಾದ ಸ್ತಾನಿಸ್ಲಾವ್‌ಸ್ಕಿ, 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಕಟ್ಟಿದವರಲ್ಲಿ ಒಬ್ಬರು, ನಟನು ‘ಒಂದು ವೇಳೆ ನಾನು ಈ ಸ್ಥಿತಿಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ’ ಎಂದು ಕೇಳಿಕೊಳ್ಳಬೇಕು ಎಂದರು. ಏನು ಅನ್ನಿಸುತ್ತಿತ್ತು ಎಂದು ಕೇಳಿಕೊಂಡರೆ ಮುಖ ಕಿವಿಚಿಕೊಳ್ಳುವ ಅಭಿನಯ ಬರುತ್ತದೆ. ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡರೆ ಮೈ ತಾನಾಗಿ ಒಂದು ಕೆಲಸಕ್ಕೆ ತೊಡಗುತ್ತದೆ. ವಸ್ತುವಿಲ್ಲದೆಯೇ ಕೆಲಸ ಮಾಡಿ ತೋರಿಸುವ ಅಭ್ಯಾಸವನ್ನು ನಿನಗೆ ಕೊಟ್ಟಾಗ, ಎಲ್ಲರಂತೆ ಕಾಫಿ ಕುಡಿಯುವುದನ್ನೋ ಮೊಬೈಲಿನಲ್ಲಿ ಮಾತಾಡುವುದನ್ನೋ ಆರಿಸಿಕೊಳ್ಳಬೇಡ. ಅಡಿಕೆ ಸುಲಿಯುವುದನ್ನು ಮಾಡು. ಚಿಕ್ಕಂದಿನಲ್ಲಿ ಕೊಯ್ಲಿನ ಕಾಲಕ್ಕೆ ನಮ್ಮ ಅಂಗಳದಲ್ಲಿ ರಾತ್ರಿ ಹತ್ತರವರೆಗೂ ನೀನು ಮೆಟ್ಟುಗತ್ತಿಯ ಮುಂದೆ ಕುಳಿತಿದ್ದೀಯೆ. ಕತ್ತಿ ಅಲುಗುವುದಿಲ್ಲ, ಕಾಯಿ ಹಿಡಿದ ಕೈಯೇ ಕತ್ತಿಗೆ ಹೋಗುತ್ತದೆ. ಸಿಪ್ಪೆ ಸೀಳುವಾಗ ಬೆರಳಿಗೆ ಬರುವ ಬಿಗಿ, ಸೀಳಿದೊಡನೆ ಅದು ಸಡಿಲುವುದು, ಬುಟ್ಟಿಯತ್ತ ನೋಡದೆಯೇ ಅಡಿಕೆಯನ್ನು ಬುಟ್ಟಿಗೆ ಹಾಕುವುದು, ಚೊಗರು ಅಂಟಿದ ಬೆರಳನ್ನು ಆಗಾಗ ಒರೆಸಿಕೊಳ್ಳುವುದು, ಇವೆಲ್ಲ ನಿನ್ನ ಕೈಗೆ ಇಂದಿಗೂ ನೆನಪಿವೆ. ಆ ನೆನಪನ್ನು ಅವಸರಪಡಿಸದೆ ಎಬ್ಬಿಸು. ಹಾಗೆ ಸುಲಿಯುತ್ತ ಸುಲಿಯುತ್ತ ಜನ ಆಡುತ್ತಿದ್ದ ಮಾತುಗಳನ್ನೂ ನೆನೆಸಿಕೋ. ಯಾರದೋ ಮನೆಯ ಪಾಲು, ಯಾರದೋ ಮದುವೆ ಮುರಿದದ್ದು, ಎಷ್ಟು ಭಾರವಾದ ಸಂಗತಿಗಳನ್ನೂ ಕೈ ನಿಲ್ಲಿಸದೆಯೇ ಹೇಳುತ್ತಿದ್ದರು. ಕೈ ನಿಂತಿತೆಂದರೆ ಮಾತು ಬಹಳ ಆಳಕ್ಕೆ ಹೋಗಿದೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಮಾತಿನ ಯಾವ ಪದದ ಬಳಿ ಕೈ ನಿಲ್ಲಬೇಕು ಎಂಬುದನ್ನು ಕಂಡುಕೊಂಡರೆ ಪಾತ್ರದ ಬಗ್ಗೆ ಅರ್ಧ ತಿಳಿದಂತೆಯೇ.

ಮುಂದಿನದನ್ನು ನಾನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನಿನ್ನ ಅಪ್ಪ, ನನ್ನ ತಮ್ಮ, ನಮ್ಮನ್ನು ಬಿಟ್ಟು ಹೋಗಿ ಇನ್ನೂ ಎರಡು ವರ್ಷ ಕಳೆದಿಲ್ಲ. ತರಗತಿಯಲ್ಲಿ ಯಾರಾದರೂ ನಿನ್ನನ್ನು ಅಳಿಸುವುದಕ್ಕಾಗಿ, ಜೀವನದ ಅತಿ ದೊಡ್ಡ ದುಃಖವನ್ನು ನೆನೆಸಿಕೋ ಎಂದು ಹೇಳಿದರೆ ಆಸ್ಪತ್ರೆಯ ಆ ರಾತ್ರಿಯನ್ನು ಅಲ್ಲಿಗೆ ಒಯ್ಯಬೇಡ. ಸ್ವಂತ ನೆನಪನ್ನು ಕೆದಕಿ ಭಾವ ತರುವ ವಿಧಾನವೊಂದು ಇದೆ. ನ್ಯೂಯಾರ್ಕಿನ ರಂಗಶಿಕ್ಷಕ ಲೀ ಸ್ಟ್ರಾಸ್‌ಬರ್ಗ್ ಅದಕ್ಕೆ ಬಹಳ ಒತ್ತು ಕೊಟ್ಟರು. ಅವರ ನಾಟಕ ತಂಡದಲ್ಲಿಯೇ ಇದ್ದ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸಿಗೆ ಹೋಗಿ ಸ್ತಾನಿಸ್ಲಾವ್‌ಸ್ಕಿಯವರನ್ನೇ ಕಂಡು ಕೆಲವು ವಾರ ಅಭ್ಯಾಸ ಮಾಡಿ ಬಂದು, ನಟನು ಆತುಕೊಳ್ಳಬೇಕಾದದ್ದು ನಾಟಕದ ಸನ್ನಿವೇಶವನ್ನು ಮತ್ತು ತನ್ನ ಕಲ್ಪನೆಯನ್ನು ಎಂದು ಗಟ್ಟಿಯಾಗಿ ವಾದಿಸಿದರು. ನನಗೆ ಆಡ್ಲರ್ ಅವರ ಮಾತೇ ಸರಿ ಎನ್ನಿಸುತ್ತದೆ. ನಮ್ಮ ನಾಟ್ಯಶಾಸ್ತ್ರವೂ ಕಣ್ಣೀರು, ನಡುಕ, ರೋಮಾಂಚ ಮೊದಲಾದ ಸಾತ್ವಿಕ ಭಾವಗಳು ಏಕಾಗ್ರಗೊಂಡ ಮನಸ್ಸಿನಿಂದ ಹುಟ್ಟುತ್ತವೆ ಎನ್ನುತ್ತದೆ. ಅಪ್ಪನ ನೆನಪಿನಿಂದ ಇಂದು ಅತ್ತೀಯೆ. ನಾಳೆ ಅದೇ ದೃಶ್ಯಕ್ಕೆ ಅದೇ ನೆನಪನ್ನು ಮತ್ತೆ ಕರೆದೀಯೆ. ಹತ್ತು ತಾಲೀಮು ಕಳೆಯುವುದರೊಳಗೆ ಆ ನೆನಪು ಸವೆದು ಹೋಗಿರುತ್ತದೆ, ದೃಶ್ಯವೂ ಕೈಗೆ ಬಂದಿರುವುದಿಲ್ಲ. ಅಳು ಬಾರದಿದ್ದರೆ ಬಾರದಿರಲಿ. ಅಳಬಾರದೆಂದು ತಡೆದುಕೊಳ್ಳುವವರನ್ನು ಕಂಡಾಗಲೇ ನೋಡುವವರ ಕಣ್ಣು ತುಂಬುತ್ತದೆ. ನಮ್ಮ ಮನೆಯ ಹೆಂಗಸರೆಲ್ಲ ಹಾಗೆಯೇ ಬದುಕಿದವರು, ನೀನು ದೂರ ಹುಡುಕಬೇಕಾಗಿಲ್ಲ.

ಧ್ವನಿಯ ಬಗ್ಗೆ ಒಂದು ವಿಶೇಷ ಎಚ್ಚರಿಕೆ ಹೇಳಬೇಕು, ಏಕೆಂದರೆ ಇದು ಕನ್ನಡದಂತಹ ಭಾಷೆಯಲ್ಲಿ ನಟಿಸುವವರಿಗೆ ಇರುವ ತೊಡಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ತುದಿಯಲ್ಲಿರುತ್ತದೆ. ‘ನಾನು ಅವನನ್ನು ಆ ದಿನ ಮನೆಗೆ ಕರೆಯ’ ಎಂಬಲ್ಲಿಗೆ ಉಸಿರು ಮುಗಿದರೆ, ಕರೆಯಲಿಲ್ಲವೋ ಕರೆಯಬೇಕಿತ್ತೋ ಹಿಂದಿನ ಸಾಲಿನವರಿಗೆ ತಿಳಿಯುವುದೇ ಇಲ್ಲ. ನೀನು ಮಾತಿನ ಕೊನೆಯನ್ನು ನುಂಗುವವಳು. ನಾವು ಮಲೆನಾಡಿನವರಲ್ಲಿ ಅನೇಕರು ಹಾಗೆಯೇ. ಆದ್ದರಿಂದ ಉಸಿರನ್ನು ವಾಕ್ಯದ ಕೊನೆಯವರೆಗೆ ಉಳಿಸಿಕೊಳ್ಳುವುದನ್ನು ಕಲಿ. ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಉಸಿರು ತೆಗೆದುಕೊಂಡಾಗ ಆ ಕೈ ಏರುವಂತೆ ನೋಡಿಕೋ; ಎದೆಯೊಂದೇ ಏರಿದರೆ ಸಾಲದು. ಬಳಿಕ ಬಾಯಿ ಮುಚ್ಚಿ ಮೆಲ್ಲಗೆ ‘ಮ್’ ಎಂದು ಎಳೆ. ಗಂಟಲು ನೋಯತೊಡಗಿದರೆ ನಿಲ್ಲಿಸು, ಏಕೆಂದರೆ ಅದು ಗಂಟಲನ್ನು ಬಿಗಿಹಿಡಿದಿರುವುದರ ಲಕ್ಷಣ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ತಾಲೀಮು ನಡೆಸಬೇಕಾಗಿ ಬಂದರೆ ಮಳೆಯ ಸದ್ದಿನೊಂದಿಗೆ ಗಂಟಲು ಪೈಪೋಟಿಗಿಳಿಯುವುದು ಬೇಡ. ಒಂದೊಂದು ಅಕ್ಷರವನ್ನೂ ಬಿಡಿಸಿ ಆಡಿದರೆ ಸಾಮಾನ್ಯ ದನಿಯೇ ಬಹುಮಟ್ಟಿಗೆ ತಲುಪುತ್ತದೆ.

ಮಾತನ್ನು ಬಾಯಿಪಾಠ ಮಾಡುವಾಗ ರಾಗ ಎಳೆದು ಕಲಿಯಬೇಡ. ಒಮ್ಮೆ ರಾಗದೊಂದಿಗೆ ಕೂತ ಮಾತು ಎದುರಿನವರು ಏನೇ ಹೇಳಿದರೂ ಅದೇ ರಾಗದಲ್ಲಿಯೇ ಹೊರಬರುತ್ತದೆ. ನಿನ್ನ ಮಾತಿಗಿಂತ ಮೊದಲು ಎದುರು ಪಾತ್ರದ ಮಾತನ್ನು ಕಲಿ. ಮನೆಯಲ್ಲಿ ಆಡುವ ಕನ್ನಡವನ್ನು ಕೀಳೆಂದು ಬಗೆದು ಸಿನಿಮಾದವರ ಧಾಟಿಯನ್ನು ತಂದುಕೊಳ್ಳುವುದೂ ಬೇಡ. ಪಾತ್ರ ಬೇರೆ ಸೀಮೆಯದಾದರೆ ಆ ಸೀಮೆಯ ಮಾತನ್ನು ಕಿವಿಗೊಟ್ಟು ಕಲಿತರಾಯಿತು.

ಹಣ ಕಟ್ಟುವ ಮುಂಚೆ ಕೆಲವನ್ನು ವಿಚಾರಿಸಿಕೋ. ಕಲಿಸುವವರು ಯಾರು, ಅವರು ಎಲ್ಲಿ ದುಡಿದವರು, ಒಂದು ತಂಡದಲ್ಲಿ ಎಷ್ಟು ಮಂದಿ, ಕೊನೆಯಲ್ಲಿ ಪ್ರದರ್ಶನ ಉಂಟೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಧಾರಾವಾಹಿಯಲ್ಲಿ ಅವಕಾಶ ಕೊಡಿಸುತ್ತೇವೆ, ಫೋಟೋ ತೆಗೆಸಲು ಪ್ರತ್ಯೇಕ ಹಣ ಕೊಡಿ ಎನ್ನುವವರಾದರೆ ಅಲ್ಲಿಂದಲೇ ಹಿಂದಿರುಗು. ಮೈ ಮುಟ್ಟಬೇಕಾದ ಯಾವ ಅಭ್ಯಾಸವೇ ಆಗಲಿ, ನಿನಗೆ ಹಿತವೆನಿಸದಿದ್ದರೆ ಬೇಡವೆಂದು ಹೇಳುವ ಹಕ್ಕು ನಿನ್ನದು. ಒಳ್ಳೆಯ ಗುರುಗಳು ಅದಕ್ಕೆ ಕಾರಣ ಕೇಳುವುದಿಲ್ಲ.

ಮುಂದೆ ಇದರಲ್ಲಿಯೇ ಪೂರ್ಣಾವಧಿ ತೊಡಗುವ ಮನಸ್ಸಾದರೆ 1980ರಿಂದ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರವಿದೆ. ಅದು ಅಲ್ಲಿಯೇ ಉಳಿದು ಕಲಿಯುವಂಥದ್ದು, ಸಂಸಾರಸ್ಥರಿಗೆ ಸುಲಭವಲ್ಲ. ಸದ್ಯಕ್ಕೆ ನೀನು ಕಲಿಯುವುದರ ಜೊತೆಗೆ ನೋಡು. ಶಿವಮೊಗ್ಗದಲ್ಲಿಯೇ ರಂಗಾಯಣವಿದೆ, ಕುವೆಂಪು ರಂಗಮಂದಿರವಿದೆ. 1985ರಲ್ಲಿ ಶುರುವಾದ ನೀನಾಸಮ್ ತಿರುಗಾಟದ ನಾಟಕಗಳು ಊರೂರಿಗೆ ಬರುತ್ತವೆ. ಒಂದೇ ನಾಟಕವನ್ನು ಸಾಧ್ಯವಾದರೆ ಎರಡು ಸಲ ನೋಡು. ಮೊದಲ ಸಲ ಕಥೆಗಾಗಿ ನೋಡಿ, ಎರಡನೆಯ ಸಲ ಮಾತಾಡುತ್ತಿರುವವರನ್ನು ಬಿಟ್ಟು, ಆ ಹೊತ್ತಿನಲ್ಲಿ ಸುಮ್ಮನಿರುವವರನ್ನು ಗಮನಿಸು. ಅವರು ತಮ್ಮ ಸರದಿಗಾಗಿ ಕಾಯುತ್ತಿದ್ದಾರೋ, ಕೇಳಿಸಿಕೊಳ್ಳುತ್ತಿದ್ದಾರೋ ಎಂಬುದು ನಿನಗೆ ಬೇಗನೆ ಗೊತ್ತಾಗತೊಡಗುತ್ತದೆ.

ತರಗತಿಯಲ್ಲಿ ಅಭ್ಯಾಸಕ್ಕೆ ಒಂದು ದೃಶ್ಯವನ್ನು ಕೊಟ್ಟೇ ಕೊಡುತ್ತಾರೆ. ಅದರ ಒಂದು ಪ್ರತಿಯನ್ನು ನನಗೂ ಅಂಚೆಯಲ್ಲಿ ಕಳುಹಿಸು, ಇಲ್ಲವೇ ಫೋಟೋ ತೆಗೆದು ಮೊಬೈಲಿಗೆ ಹಾಕು. ಮಕ್ಕಳು ಮಲಗಿದ ಮೇಲೆ ಫೋನು ಮಾಡಿದರೆ ಎದುರು ಪಾತ್ರವನ್ನು ನಾನು ಓದುತ್ತೇನೆ. ಪ್ರತಿ ಸಲವೂ ಒಂದೇ ರೀತಿಯಲ್ಲಿ ಓದುವುದಿಲ್ಲ ಎಂಬುದನ್ನು ಈಗಲೇ ತಿಳಿಸಿರುತ್ತೇನೆ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಸೋದರತ್ತೆ